ಪುಟ್ಟಿ, ಮೊದಲು ಕಾಲು ನೋಡಿಕೋ

ಪುಟ್ಟಿ, ನಿನ್ನ ಮೆಸೇಜ್ ಈಗ ತಾನೇ ನೋಡಿದೆ. ಕ್ರಿಸ್‌ಮಸ್ ರಜೆಗೆ ಎಲ್ಲರೂ ಅಮೆರಿಕದ ಮಿನಿಯಾಪೊಲಿಸ್‌ಗೆ ಹೊರಟಿದ್ದೇವೆ, ಮೈನಸ್ 20 ಅಂತೆಲ್ಲ ಹೇಳುತ್ತಾರೆ, ಮಕ್ಕಳಿಗೆ ಏನು ಹಾಕಲಿ, ಅತ್ತೆ ಬೇರೆ ಸೀರೆ ಬಿಡಲ್ಲ ಅನ್ನುತ್ತಾರೆ, ಭಯ ಆಗ್ತಿದೆ ದೊಡ್ಡಮ್ಮ ಅಂತ ಕೇಳಿದ್ದೀಯಲ್ಲ. ನನಗೆ ಇಷ್ಟೆಲ್ಲ ಟೈಪ್ ಮಾಡೋಕೆ ಆಗಲ್ಲ, ಮಾತಿನಲ್ಲೇ ಹೇಳುತ್ತೇನೆ. ಉದ್ದ ಆಯಿತು ಅಂತ ಅರ್ಧಕ್ಕೆ ನಿಲ್ಲಿಸಬೇಡ, ಪೂರ್ತಿ ಕೇಳು. ನಿಮ್ಮತ್ತೆಗೂ ಕೇಳಿಸು.

ನಮಗೆಲ್ಲ ಚಳಿ ಅಂದರೆ ಮಡಿಕೇರಿ, ಊಟಿ. ಒಂದು ಸ್ವೆಟರ್, ಒಂದು ಮಫ್ಲರ್, ಬಿಸಿ ಕಾಫಿ ಇದ್ದರೆ ಮುಗಿಯಿತು. ಅಲ್ಲಿಯ ಚಳಿ ಆ ಜಾತಿಯದಲ್ಲ. 2019ರ ಜನವರಿ ಕೊನೆಯಲ್ಲಿ ಅಲ್ಲಿ ಮೈನಸ್ 33ಕ್ಕೆ ಹೋಗಿತ್ತು, ಅಂಚೆಯವರು ಕಾಗದ ಹಂಚುವುದನ್ನೇ ನಿಲ್ಲಿಸಿದ್ದರು. ಪ್ರತಿ ವರ್ಷ ಅಷ್ಟು ಆಗಲ್ಲ, ಆದರೆ ಮೈನಸ್ 15 ಅಂದರೆ ಅಲ್ಲಿಯವರಿಗೆ ಮಾಮೂಲು. ಅದರ ಮೇಲೆ ಗಾಳಿ ಬೀಸಿದರೆ ಇನ್ನೂ ಜಾಸ್ತಿ. ಫೋನಿನಲ್ಲಿ ಮೈನಸ್ 15 ಅಂತ ತೋರಿಸುತ್ತಿರುತ್ತದೆ, ಮುಖಕ್ಕೆ ತಟ್ಟುವುದು ಮೈನಸ್ 25.

ನಿಮ್ಮ ದೊಡ್ಡಪ್ಪನ ಕಾಲಿನ ಕಥೆ ನಿನಗೆ ಅರ್ಧ ಗೊತ್ತು. ಆಗ ನೀನು ಪರೀಕ್ಷೆ ಅಂತ ಓಡಾಡುತ್ತಿದ್ದೆ, ಪೂರ್ತಿ ಯಾರೂ ಹೇಳಿರಲಿಕ್ಕಿಲ್ಲ. ಅಲ್ಲೇ ಇರುವ ನಿಮ್ಮಕ್ಕನ, ಅಂದರೆ ನನ್ನ ಮಗಳ ಮನೆಗೆ ಹೋಗಿದ್ದೆವು. ಜನವರಿ ತಿಂಗಳು, ಸಂಕ್ರಾಂತಿ. ದೇವಸ್ಥಾನಕ್ಕೆ ಹೋಗಬೇಕು ಅಂತ ಇವರದೇ ಹಠ. ಅಕ್ಕ ಬೂಟು ತಂದಿಟ್ಟಿದ್ದಳು. ಇವರು ಅದು ಭಾರ, ನನಗೆ ನನ್ನ ಶೂಸೇ ಸರಿ ಅಂತ ಮೈಸೂರಿನಲ್ಲಿ ಆಫೀಸಿಗೆ ಹಾಕುತ್ತಿದ್ದ ಕಪ್ಪು ಶೂಸನ್ನೇ ಹಾಕಿದರು. ಒಳಗೆ ಎರಡು ಜೊತೆ ಕಾಟನ್ ಸಾಕ್ಸ್, ಒಂದರ ಮೇಲೆ ಒಂದು. ಶೂಸು ಬಿಗಿ ಆಗಿ ಬೆರಳು ಅಲ್ಲಾಡಿಸಲೂ ಜಾಗ ಇಲ್ಲ. ಬಿಗಿ ಇದ್ದರೆ ಬೆಚ್ಚಗಿರುತ್ತೆ ಅಂದರು.

ದೇವಸ್ಥಾನದಲ್ಲಿ ಶೂಸು ಬಿಡಬೇಕಲ್ವಾ. ಬಂದವರೆಲ್ಲರ ಬೂಟಿಗೆ ಅಂಟಿದ ಹಿಮ ಬಾಗಿಲ ಹತ್ತಿರ ಕರಗಿ ನೆಲ ಪಿಚಪಿಚ ಅನ್ನುತ್ತಿತ್ತು. ಇವರು ಸಾಕ್ಸ್ ಹಾಕಿಕೊಂಡೇ ಅದರ ಮೇಲೆ ನಡೆದರು. ಅಂಗಾಲು ನೆನೆಯಿತು. ಯಾರಿಗೂ ಹೇಳಲಿಲ್ಲ. ಮಂಗಳಾರತಿ ಆಯಿತು, ಪ್ರಸಾದ ಆಯಿತು, ಅದೇ ಒದ್ದೆ ಸಾಕ್ಸ್ ಮೇಲೆ ಶೂಸು ಹಾಕಿ ಹೊರಗೆ ಬಂದರು. ಕಾರು ಸ್ಟಾರ್ಟ್ ಆಗಲಿಲ್ಲ. ಆ ಚಳಿಗೆ ಬ್ಯಾಟರಿಗೂ ಜೀವ ಇರಲ್ಲ. ನಿಮ್ಮ ಭಾವ ಇನ್ನೊಬ್ಬರ ಕಾರು ತರಿಸಿ ವೈರು ಹಾಕಿ ಏನೋ ಮಾಡುತ್ತಿದ್ದ. ನಾನು, ಅಕ್ಕ, ಮಗು ಒಳಗೆ ಹೋದೆವು. ಇವರು ಬರಲಿಲ್ಲ. ಅಳಿಯ ಒಬ್ಬನೇ ನಿಂತಿದ್ದಾನೆ ಅಂತ ಪಕ್ಕದಲ್ಲಿ ನಿಂತರು, ಹಿಮದ ಮೇಲೆ, ಆ ಶೂಸಿನಲ್ಲಿ.

ಮೊದಲು ಕಾಲು ಕೊರೆಯುತ್ತೆ, ನೋಯುತ್ತೆ ಅಂದರಂತೆ. ಸ್ವಲ್ಪ ಹೊತ್ತಿಗೆ, ಈಗ ನೋವಿಲ್ಲ, ಅಭ್ಯಾಸ ಆಯಿತು ಅಂದರಂತೆ. ಪುಟ್ಟಿ, ಈ ಮಾತು ಚೆನ್ನಾಗಿ ಕೇಳಿಸಿಕೋ. ನೋವು ನಿಂತಿತು ಅಂದರೆ ಕಾಲು ಸರಿಹೋಯಿತು ಅಂತಲ್ಲ, ಸ್ಪರ್ಶ ಹೋಯಿತು ಅಂತ.

ಮನೆಗೆ ಬಂದು ಸಾಕ್ಸ್ ತೆಗೆದರೆ ಬಲಗಾಲಿನ ಹೆಬ್ಬೆರಳು, ಕಿರುಬೆರಳು, ಅದರ ಪಕ್ಕದ್ದು ಮೇಣದ ಹಾಗೆ ಬೆಳ್ಳಗೆ ಆಗಿದ್ದವು. ಉಗುರಿನ ಸುತ್ತ ಬಣ್ಣವೇ ಇಲ್ಲ. ನಾನು ಒತ್ತಿದೆ, ಗಟ್ಟಿಗಿತ್ತು. ಒತ್ತಿದ್ದು ಇವರಿಗೆ ತಿಳಿಯಲೇ ಇಲ್ಲ, ಆ ಕಡೆ ನೋಡುತ್ತಾ ಟೀ ಕೇಳುತ್ತಿದ್ದರು. ಆಮೇಲೆ ಕೈಯಿಂದ ಉಜ್ಜಲು ಹೋದರು. ಅಕ್ಕ ಓಡಿ ಬಂದು ಕೈ ಹಿಡಿದಳು. ಉಜ್ಜಬಾರದು, ಬೆಂಕಿ ಹತ್ತಿರ ಇಡಬಾರದು, ಕುದಿಯುವ ನೀರಂತೂ ಬೇಡವೇ ಬೇಡ. ಉಗುರುಬೆಚ್ಚಗಿನ ನೀರಿನಲ್ಲಿ ಇಡಬೇಕು, ನೀರಿನ ಬಿಸಿಯನ್ನು ಬೇರೆಯವರು ನೋಡಬೇಕು, ಯಾಕೆಂದರೆ ಮರಗಟ್ಟಿದ ಕಾಲಿಗೆ ಸುಟ್ಟರೂ ಗೊತ್ತಾಗಲ್ಲ. ರಕ್ತ ವಾಪಸ್ ಬರುವಾಗ ಆದ ನೋವು ಇದೆಯಲ್ಲ, ಇವರ ಕಣ್ಣಲ್ಲಿ ನೀರು ಬಂತು. ಕೈ ಮುರಿದಾಗ ಅಳದ ಮನುಷ್ಯ. ರಾತ್ರಿಯೇ ಡಾಕ್ಟರ ಹತ್ತಿರ ಹೋದೆವು. ಬೆರಳು ಉಳಿದವು, ದೇವರು ದೊಡ್ಡವನು. ಚರ್ಮ ಸುಲಿದು ಹೊಸದು ಬಂತು. ಆದರೆ ಈಗಲೂ ಧನುರ್ಮಾಸದ ಬೆಳಗಿನ ಜಾವ ಮೈಸೂರಿನಲ್ಲೇ ಆ ಬೆರಳುಗಳು ಜುಮುಜುಮು ಅಂತ ನೋಯುತ್ತವೆ.

ಅದಕ್ಕೇ ಹೇಳುತ್ತೇನೆ, ಒದ್ದೆ ಸಾಕ್ಸ್ ಹಾಕಿಕೊಂಡು ಒಂದು ನಿಮಿಷವೂ ಹೊರಗೆ ನಿಲ್ಲಬೇಡಿ. ದೊಡ್ಡವರಾಗಲಿ, ಚಿಕ್ಕವರಾಗಲಿ. ನಿಮ್ಮತ್ತೆಗೆ ಶುಗರ್ ಬೇರೆ ಇದೆ. ಶುಗರ್ ಇರುವವರಿಗೆ ಕಾಲಿನ ಸ್ಪರ್ಶ ಮೊದಲೇ ಕಡಿಮೆ ಆಗಿರುತ್ತದೆ, ಅವರಿಗೆ ಮೊದಲ ನೋವೂ ಗೊತ್ತಾಗದೆ ಹೋಗಬಹುದು. ಕಾಲುಂಗುರ ತೆಗೆದಿಡಲು ಹೇಳು. ಬೂಟಿನೊಳಗೆ ಬೆರಳನ್ನು ಒತ್ತುತ್ತದೆ, ಲೋಹ ಬೇರೆ, ಬೇಗ ತಣ್ಣಗಾಗುತ್ತದೆ. ದಾರದಲ್ಲಿ ಕಟ್ಟಿ ಪರ್ಸಿನಲ್ಲಿ ಇಟ್ಟುಕೊಳ್ಳಲಿ, ಅದಕ್ಕೆ ಯಾವ ದೋಷವೂ ಇಲ್ಲ.

ಇನ್ನು ಕೋಟಿನ ವಿಷಯ. ಯಾರ ಹತ್ತಿರವೋ ಕೇಳಿ ತರುತ್ತೇನೆ ಅಂದಿದ್ದೀಯ. ನಮ್ಮ ಮನೆಯಲ್ಲಿ ನಾಲ್ಕು ಒಳ್ಳೆಯ ಕೋಟು ಇದ್ದವು. ಅಕ್ಕ ಒಂದೊಂದನ್ನೂ ಆರಿಸಿ ಕೊಡಿಸಿದ್ದು. ಈ ಕುಟುಂಬದಲ್ಲೇ ಒಬ್ಬರು, ಹೆಸರು ಹೇಳಲ್ಲ, ಹತ್ತು ದಿನಕ್ಕೆ ಅಂತ ತೆಗೆದುಕೊಂಡು ಹೋದರು. ವರ್ಷವಾದ ಮೇಲೆ ಬಂತು, ಅದೂ ನಾನು ಮೂರು ಸಲ ಫೋನ್ ಮಾಡಿದ ಮೇಲೆ. ಒಂದರ ಜಿಪ್ಪು ಹಲ್ಲು ಕಿತ್ತಿದೆ. ಇನ್ನೊಂದರ ತೋಳಿಗೆ ಸಾರಿನ ಕಲೆ. ಉಣ್ಣೆ ಸಾಕ್ಸ್ ಎಲ್ಲಿ ಅಂದರೆ, ಅಯ್ಯೋ ಸಾಕ್ಸ್ ತಾನೇ ಅಂದರು. ಸಾಕ್ಸ್ ತಾನೇ! ಇವರ ಕಾಲಿಗೆ ಆದದ್ದು ನೋಡಿದವರೇ ಆ ಮಾತು ಆಡಿದ್ದು. ಥ್ಯಾಂಕ್ಸ್ ಬೇಕು ಅಂತಲ್ಲ, ಒಗೆದು ಕೊಡಬಹುದಿತ್ತಲ್ವಾ. ನನಗೆ ಅದು ಇವತ್ತಿಗೂ ಮನಸ್ಸಿನಲ್ಲಿದೆ. ಈ ಗ್ರೂಪಿನಲ್ಲಿ ಹುಟ್ಟುಹಬ್ಬಕ್ಕೆ ಹೂವಿನ ಚಿತ್ರ ಹಾಕಲು ಎಲ್ಲರಿಗೂ ಪುರುಸೊತ್ತು ಇರುತ್ತದೆ, ಇಂಥದ್ದು ಹೇಳಿದರೆ ದೊಡ್ಡಮ್ಮ ಸುಮ್ನೆ ಹೆದರಿಸುತ್ತಾರೆ ಅನ್ನುತ್ತಾರೆ.

ಇರಲಿ ಬಿಡು. ನೀನು ಕೇಳಿದ್ದು ಏನು ಹಾಕಬೇಕು ಅಂತ, ಅದನ್ನೇ ಹೇಳಲಿಲ್ಲ ನೋಡು.

ಮೈಗೆ ತಾಗುವ ಬಟ್ಟೆ ಕಾಟನ್ ಬೇಡ. ಬನಿಯನ್ನೂ ಸೇರಿಸಿ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಮೈಗೆ ಅಂಟಿಕೊಂಡಿರುತ್ತದೆ, ನಿಂತ ಕೂಡಲೇ ಕೊರೆಯುತ್ತದೆ. ಥರ್ಮಲ್ ತೆಗೆದುಕೊಳ್ಳುವಾಗ ಒಳಗಿನ ಚೀಟಿ ಓದು. ಪಾಲಿಯೆಸ್ಟರ್ ಇರಬೇಕು, ಇಲ್ಲ ಮೆರಿನೊ ಉಣ್ಣೆ. ಅದರ ಮೇಲೆ ಫ್ಲೀಸ್ ಅಥವಾ ಸ್ವೆಟರ್. ಅದರ ಮೇಲೆ ಗಾಳಿ, ನೀರು ಒಳಗೆ ಬಿಡದ ಜಾಕೆಟ್, ಸೊಂಟದ ಕೆಳಗೆ ಬರುವಂಥದ್ದು, ತಲೆಗೆ ಟೋಪಿ ಇರುವಂಥದ್ದು. ಒಂದೇ ದಪ್ಪ ಕೋಟು ಹಾಕಿ ಒಳಗೆ ತೆಳ್ಳಗೆ ಬಿಟ್ಟರೆ ಕಷ್ಟ, ಯಾಕೆಂದರೆ ಮನೆ, ಅಂಗಡಿ ಎಲ್ಲ ಕಡೆ ಒಳಗೆ ಹೀಟರ್ ಹಾಕಿ 20 ಡಿಗ್ರಿ ಇಟ್ಟಿರುತ್ತಾರೆ. ಒಳಗೆ ಬಂದಾಗ ಒಂದೊಂದೇ ತೆಗೆಯುವ ಹಾಗಿರಬೇಕು, ಇಲ್ಲದಿದ್ದರೆ ಬೆವರುತ್ತೀರಿ.

ಮಕ್ಕಳಿಗೆ ಬೆರಳು ಬೆರಳಿನ ಗ್ಲೌಸ್ ಬೇಡ, ನಾಲ್ಕೂ ಬೆರಳು ಒಟ್ಟಿಗೆ ಇರುವಂಥದ್ದು ತಗೋ, ಅದು ಜಾಸ್ತಿ ಬೆಚ್ಚಗೆ. ಕಿವಿ ಮುಚ್ಚುವ ಮಂಕಿ ಕ್ಯಾಪ್ ನಮ್ಮೂರಿನದೇ ಸಾಕು, ಅದರ ಮೇಲೆ ಜಾಕೆಟ್ ಟೋಪಿ. ಚಿಕ್ಕವನನ್ನು ಕಾರ್ ಸೀಟಿನಲ್ಲಿ ಕೂರಿಸುವಾಗ ಉಬ್ಬಿದ ಜಾಕೆಟ್ ಬಿಚ್ಚಿ ಬೆಲ್ಟ್ ಹಾಕಬೇಕು, ಮೇಲೆ ಕಂಬಳಿ ಹೊದಿಸು. ಜಾಕೆಟ್ ಮೇಲೆ ಬಿಗಿದರೆ ಬೆಲ್ಟ್ ಸಡಿಲವೇ ಇರುತ್ತದೆ, ನಮಗೆ ಬಿಗಿ ಅನ್ನಿಸುತ್ತದೆ ಅಷ್ಟೇ.

ಅತ್ತೆಯವರು ಮನೆಯೊಳಗೆ ಸೀರೆ ಉಡಲಿ, ಯಾರೂ ಬೇಡ ಅನ್ನಲ್ಲ. ಹೊರಗೆ ಹೋಗುವಾಗ ಒಳಗೆ ಥರ್ಮಲ್ ಪ್ಯಾಂಟ್, ಮೊಣಕಾಲಿನವರೆಗೆ ಉಣ್ಣೆ ಸಾಕ್ಸ್, ಮೇಲೆ ಉದ್ದದ ಕೋಟು. ಸೀರೆಯನ್ನು ಗಿಣ್ಣಿನಿಂದ ಮೇಲಕ್ಕೆ ಉಡಲಿ, ಅಂಚು ಹಿಮದಲ್ಲಿ ಎಳೆದಾಡಿದರೆ ಒದ್ದೆ ಆಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಚೂಡಿದಾರ್‌ಗೆ ಒಪ್ಪಿದರೆ ಇನ್ನೂ ಒಳ್ಳೆಯದು. ನಾನೇ ಫೋನ್ ಮಾಡಿ ಹೇಳುತ್ತೇನೆ, ನನ್ನ ಮಾತು ಕೇಳುತ್ತಾರೆ.

ಜಾಕೆಟ್, ಟೋಪಿ, ಗ್ಲೌಸ್ ಚೆಕ್‌ಇನ್ ಪೆಟ್ಟಿಗೆಗೆ ಹಾಕಲೇಬೇಡ. ಪೆಟ್ಟಿಗೆ ನಡುವೆ ಎಲ್ಲೋ ಉಳಿದುಬಿಟ್ಟರೆ ಏರ್‌ಪೋರ್ಟ್ ಬಾಗಿಲಲ್ಲಿ ಬರೀ ಅಂಗಿಯಲ್ಲಿ ನಿಲ್ಲಬೇಕಾಗುತ್ತದೆ. ಕೈಚೀಲದಲ್ಲಿ ಇರಲಿ. ಎಲ್ಲರಿಗೂ ಒಂದೊಂದು ಜೊತೆ ಒಣ ಸಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಯಾವಾಗಲೂ ನಿನ್ನ ಬ್ಯಾಗಿನಲ್ಲಿ ಇಟ್ಟುಕೋ. ದೇವಸ್ಥಾನಕ್ಕೆ ಹೋದರೆ ಹೊರಡುವ ಮುಂಚೆ ಬದಲಾಯಿಸಿ. ಮತ್ತೆ ಹೇಳುತ್ತೇನೆ, ಒದ್ದೆ ಸಾಕ್ಸ್ ಹಾಕಿಕೊಂಡು ಒಂದು ನಿಮಿಷವೂ ಹೊರಗೆ ನಿಲ್ಲಬೇಡಿ.

ಬೂಟು ಇಲ್ಲಿಂದ ಹೊರಬೇಡ. ನಿಮ್ಮ ಅಳತೆಗಿಂತ ಒಂದು ಸೈಜ್ ದೊಡ್ಡದು, ನೀರು ಇಳಿಯದ್ದು, ಅಕ್ಕ ಮೊದಲೇ ತಂದು ಏರ್‌ಪೋರ್ಟಿಗೇ ಹಿಡಿದುಕೊಂಡು ಬರುತ್ತಾಳೆ. ನಿಂದು, ನಿಮ್ಮವರದು, ಮಕ್ಕಳದು, ಅತ್ತೆಯವರದು, ಎಲ್ಲರ ಪಾದವನ್ನೂ ಕಾಗದದ ಮೇಲೆ ಇಟ್ಟು ಗೆರೆ ಎಳೆದು, ಸೆಂಟಿಮೀಟರಿನಲ್ಲಿ ಅಳತೆ ಬರೆದು, ಸಂಜೆಯೊಳಗೆ ನನಗೆ ಫೋಟೋ ಕಳಿಸು. ಗ್ರೂಪಿಗೆ ಬೇಡ, ನನಗೇ ಕಳಿಸು.