ಅಪ್‌ಡೇಟ್: ಅಪ್ಪನ ಪಿಂಚಣಿ ಬಂತು, ಆದ್ರೆ ಬೇರೆ ಖಾತೆಗೆ

ಹಿಂದೆ ಕೇಳಿದ್ದೆ, ನೆನಪಿರಬಹುದು. ನಾನು ಬೆಂಗಳೂರಲ್ಲಿ ಗಾರೆ ಕೆಲಸ ಮಾಡ್ತೀನಿ, ಅಪ್ಪ ಅವ್ವ ಯಾದಗಿರಿ ಕಡೆ ಊರಲ್ಲಿದ್ದಾರೆ. ‘ಮಗ ಬೆಂಗಳೂರಲ್ಲಿ ದುಡೀತಾನೆ, ನಿಮಗೆ ಪಿಂಚಣಿ ಬರಲ್ಲ’ ಅಂತ ಅಪ್ಪನನ್ನು ವಾಪಸ್ ಕಳಿಸಿದ್ದರು. ಇದು ಸರಿಯಾ ಅಂತ ನನ್ನ ಪ್ರಶ್ನೆ.

ಸರಿಯಲ್ಲ. ಅಪ್ಪ ಕೇಳಿದ್ದ ಸಂಧ್ಯಾ ಸುರಕ್ಷಾಕ್ಕೆ (ರಾಜ್ಯ ಸರ್ಕಾರ ವಯಸ್ಸಾದವರಿಗೆ ಕೊಡೋ ಪಿಂಚಣಿ) 65 ತುಂಬಿರಬೇಕು, ಆದಾಯ ನೋಡೋದು ಗಂಡ ಹೆಂಡತಿ ಇಬ್ಬರದ್ದು. ದೊಡ್ಡ ಮಕ್ಕಳ ಸಂಬಳ ಸೇರಿಸೋದಿಲ್ಲ. ನೀವು ಹೇಳಿದ ಹಾಗೆ ನಾನೇ ಎರಡು ದಿನ ರಜೆ ಹಾಕಿ (ಕೂಲಿ ಹೋಯ್ತು, ಇರಲಿ) ಊರಿಗೆ ಹೋಗಿ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟೆ. ಈ ಸಲ ಯಾರೂ ನನ್ನ ದುಡಿಮೆ ಕೇಳಲಿಲ್ಲ. ಮಂಜೂರಾಯ್ತು, ತಿಂಗಳಿಗೆ 1,200 ರೂಪಾಯಿ.

ಆಮೇಲೆ ಶುರುವಾಯ್ತು ನೋಡಿ ತಮಾಷೆ. ಎರಡು ತಿಂಗಳಾದರೂ ದುಡ್ಡಿಲ್ಲ. ಅಪ್ಪ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಅಲೆದದ್ದೇ ಅಲೆದದ್ದು. ಕೊನೆಗೆ ಅವ್ವ ಜೋಳದ ಡಬ್ಬಿ ಹಿಂದಿನಿಂದ ಅಪ್ಪನದೇ ಇನ್ನೊಂದು ಪಾಸ್‌ಬುಕ್ ತೆಗೆದಳು. ಉದ್ಯೋಗ ಖಾತ್ರಿ ಕೂಲಿಗೆ ಅಂತ ಯಾವಾಗಲೋ ಮಾಡಿಸಿದ್ದು, ಮೂಲೆ ಇಲಿ ತಿಂದಿತ್ತು. ಆಧಾರ್ ಜೋಡಣೆ ಆಗಿದ್ದು ಆ ಖಾತೆಗೇ! ಎಂಟ್ರಿ ಹಾಕಿಸಿದರೆ ಎರಡೂ ಕಂತು ಅಲ್ಲೇ ಕೂತಿದ್ದವು. ಅರ್ಜಿಯಲ್ಲಿ ಯಾವ ನಂಬರ್ ಬರೆದರೂ ದುಡ್ಡು ಆಧಾರ್ ಜೋಡಿಸಿದ ಖಾತೆಗೇ ಹೋಗುತ್ತೆ, ಮೊದಲೇ ನೋಡ್ಕೊಳ್ಳಿ.

ಅವ್ವನಿಗೆ 62, ಹಾಗಾಗಿ ಸಂಧ್ಯಾ ಸುರಕ್ಷಾ ಈಗಲೇ ಇಲ್ಲ. ಬಿಪಿಎಲ್ ಇರೋದರಿಂದ ಇಂದಿರಾ ಗಾಂಧಿ ವೃದ್ಧಾಪ್ಯ ವೇತನಕ್ಕೆ ಹಾಕಿದ್ದೀವಿ, ಅದಕ್ಕೆ 60 ಸಾಕು. ಗ್ರಾಮ ಆಡಳಿತಾಧಿಕಾರಿ ಇನ್ನೂ ಪರಿಶೀಲನೆಗೆ ಬರಬೇಕು.