ಸ್ವಾಲ್‌ಬಾರ್ಡ್‌ಗೆ ಮಾರ್ಚ್ ಒಳ್ಳೆಯದೋ, ಜುಲೈಯೋ?

ಪ್ರಶ್ನೆ:
ಉತ್ತರ ಧ್ರುವದ ಹತ್ತಿರವಿರುವ ನಾರ್ವೆಯ ದ್ವೀಪಸಮೂಹ ಸ್ವಾಲ್‌ಬಾರ್ಡ್ ನೋಡುವ ಆಸೆ ಬಹಳ ಕಾಲದ್ದು. ಹಿಮಕರಡಿ ಕಂಡರೆ ಸಂತೋಷ, ಆದರೆ ಅದೊಂದಕ್ಕೇ ಹೋಗುತ್ತಿಲ್ಲ. ಹಕ್ಕಿ, ಹಿಮಸಾರಂಗ, ವಾಲ್ರಸ್ (ಉದ್ದ ದಂತದ ಕಡಲಪ್ರಾಣಿ) ಎಲ್ಲವನ್ನೂ ನೋಡಬೇಕು. ಯಾವ ತಿಂಗಳು ಸೂಕ್ತ?

ಉತ್ತರ 1:
ಹಿಮ ಹೊದ್ದ ಬೆಟ್ಟ, ಸಂಜೆಯ ನೀಲಿ ಬೆಳಕು ಬೇಕಿದ್ದರೆ ಮಾರ್ಚ್. ಹಕ್ಕಿಗಳಿಗಾದರೆ ಅದು ತೀರಾ ಬೇಗ.

ಉತ್ತರ 2:
ನನ್ನ ಮಾತು ಕೇಳಿ, ಜುಲೈಗೆ ಹೋಗಿ. ಅಲ್ಲಿನ ಮುಖ್ಯ ಊರಾದ ಲಾಂಗ್‌ಇಯರ್‌ಬಿಯೆನ್‌ನಲ್ಲಿ ಏಪ್ರಿಲ್ ಉತ್ತರಾರ್ಧದಿಂದ ಆಗಸ್ಟ್ ಉತ್ತರಾರ್ಧದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಆಲ್ಕೆಫ್ಯೆಲೆಟ್ ಎಂಬ ಕಡಿದಾದ ಬಂಡೆಯನ್ನು ಮಾತ್ರ ಬಿಡಬೇಡಿ. ಸಾವಿರಾರು ಗಿಲೆಮಾಟ್ ಹಕ್ಕಿಗಳು ಗೂಡೇ ಕಟ್ಟದೆ ಬರಿಯ ಕಲ್ಲಂಚಿನಲ್ಲಿ ಮೊಟ್ಟೆ ಇಡುತ್ತವೆ. ಮರಿಗಳು ಸುಮಾರು ಮೂರು ವಾರಕ್ಕೆ, ಹಾರಲು ಬಾರದಿದ್ದರೂ, ಕೆಳಕ್ಕೆ ಧುಮುಕುತ್ತವೆ. ಸಮುದ್ರದಲ್ಲಿ ಅವುಗಳನ್ನು ನೋಡಿಕೊಳ್ಳುವುದು ತಂದೆ ಹಕ್ಕಿ! ನೀರು ಮುಟ್ಟದೆ ನೆಲಕ್ಕೆ ಬಿದ್ದವು ಹಿಮನರಿಯ ಪಾಲು. ನೋಡಲು ಕಷ್ಟ, ಆದರೆ ನರಿಗೂ ಮರಿಗಳಿರುತ್ತವಲ್ಲ.

ಪ್ರಶ್ನೆ ಕೇಳಿದವರು:
ಕರಡಿಯ ಹತ್ತಿರ ಹೋಗಲು ಬಿಡುತ್ತಾರಾ?

ಉತ್ತರ 2:
ಇಲ್ಲ, ಬಿಡಲೂಬಾರದು. 2025ರ ನಿಯಮದಂತೆ 300 ಮೀಟರ್ ದೂರ ಇರಬೇಕು, ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್. ಆ ತಿಂಗಳುಗಳಲ್ಲಿ ತಾಯಿಕರಡಿ ಮರಿಗಳೊಂದಿಗೆ ಸೀಲ್ ಬೇಟೆಯಲ್ಲಿರುತ್ತದೆ. ಒಳ್ಳೆಯ ಬೈನಾಕ್ಯುಲರ್ ಒಯ್ಯಿರಿ.

ಉತ್ತರ 3:
ಹಿಮಸಾರಂಗವನ್ನು ಮರೆಯಬೇಡಿ. ಗಿಡ್ಡ ಕಾಲು, ದುಂಡನೆಯ ಮೈ. ಈಗೀಗ ಚಳಿಗಾಲದಲ್ಲೂ ಮಳೆ ಬಂದು, ಹಿಮದ ಮೇಲೆ ಮಂಜುಗಡ್ಡೆ ಕಟ್ಟಿ, ಅಡಿಯ ಮೇವು ಅವಕ್ಕೆ ಸಿಗದಂತಾಗುತ್ತಿದೆ. ಕಂಡರೆ ಬೆನ್ನಟ್ಟದೆ ನಿಂತಲ್ಲೇ ನೋಡಿ, ಬೇಸಿಗೆಯಲ್ಲಿ ಅವು ಕೂಡಿಡುವ ಕೊಬ್ಬೇ ಚಳಿಗಾಲದ ಆಧಾರ, ಓಡಿಸಿದರೆ ಅದು ಕರಗುತ್ತದೆ.