ಪದಚರ್ಚೆ: ಹಿಮದ ರನ್‌ವೇ – ಹಿಮವು ‘ಬಲಿಯುತ್ತದೆ’ ಎನ್ನಬಹುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ವಂದನೆಗಳು.

ಕಾಸರಗೋಡಿನ ಕನ್ನಡ ಮಾಧ್ಯಮದ ಪ್ರೌಢಶಾಲಾ ಮಕ್ಕಳಿಗಾಗಿ ಧ್ರುವಪ್ರದೇಶದಲ್ಲಿ ವಿಮಾನ ಇಳಿಯುವ ನೆಲೆಗಳ ಬಗ್ಗೆ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಕರಡಿನಲ್ಲಿ ‘ಹಿಮದ ರನ್‌ವೇ’ ಎಂಬ ಒಂದೇ ಮಾತು ಬೇರೆ ಬೇರೆ ರಚನೆಗಳಿಗೆಲ್ಲ ಬಂದಿದೆ. ಅವುಗಳನ್ನು ಕಟ್ಟುವ ಬಗೆ ಒಂದಕ್ಕೊಂದು ಎಷ್ಟು ದೂರವೆಂದರೆ, ಒಂದೇ ಹೆಸರಿನಿಂದ ಕರೆದರೆ ಮುಂದಿನ ವಿವರಣೆಯೇ ಮಕ್ಕಳಿಗೆ ಅರ್ಥವಾಗದು. ‘ರನ್‌ವೇ’ಯನ್ನು ಹಾಗೆಯೇ ಉಳಿಸಿಕೊಳ್ಳುತ್ತೇನೆ, ಬಜಪೆ, ಕಣ್ಣೂರು ವಿಮಾನ ನಿಲ್ದಾಣಗಳ ನಡುವೆ ಬೆಳೆಯುವ ಇಲ್ಲಿನ ಮಕ್ಕಳಿಗೆ ‘ಧಾವನಪಥ’ವನ್ನು ಹೊಸದಾಗಿ ಕಲಿಸಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ತೊಡಕಿರುವುದು ‘ಹಿಮ’ದಲ್ಲಿ.

ನಮ್ಮ ಜಿಲ್ಲೆಯಲ್ಲಿ ‘ಮಂಜು’ ಎಂದರೆ ಧನುರ್ಮಾಸದ ಮುಂಜಾವಿನಲ್ಲಿ ತೋಟದ ಮೇಲೆ ಕವಿಯುವಂಥದ್ದು. ಮಲಯಾಳದ ‘ಮಞ್ಞ್’ ಇದನ್ನೂ ಹೇಳುತ್ತದೆ, ಹಿಮಾಲಯದಲ್ಲಿ ಬೀಳುವ ಹಿಮವನ್ನೂ ಹೇಳುತ್ತದೆ. ಗಟ್ಟಿಯಾದ ನೀರಿಗೆ ಮೀನು ಮಾರುಕಟ್ಟೆಯಿಂದ ಹಿಡಿದು ಎಲ್ಲೆಡೆಯೂ ‘ಐಸ್’ ಎಂಬ ಒಂದೇ ಮಾತು. ಹಾಗಾಗಿ ಆಕಾಶದಿಂದ ಹರಳಾಗಿ ಬೀಳುವುದು ‘ಹಿಮ’, ಗಾಳಿ ಸುಳಿಯಲು ತೆರಪಿಲ್ಲದಂತೆ ಗಟ್ಟಿಯಾದದ್ದು ‘ಮಂಜುಗಡ್ಡೆ’ ಎಂದು ಮೊದಲೇ ಕಟ್ಟುಮಾಡಿಕೊಂಡಿದ್ದೇನೆ. ‘ಹಿಮಗಡ್ಡೆ’ಯನ್ನು ಬೇಕೆಂದೇ ಕೈಬಿಟ್ಟಿದ್ದೇನೆ, ಅದು ಎರಡೂ ಕಡೆ ಕಾಲಿಟ್ಟು ನಿಲ್ಲುವ ಪದ.

ಈ ಗೆರೆ ಎಳೆದುಕೊಂಡರೆ ರನ್‌ವೇಗಳು ತಾವಾಗಿಯೇ ಬೇರೆಯಾಗುತ್ತವೆ. ಅಂಟಾರ್ಕ್ಟಿಕಾದ ಕೆಲವೆಡೆ ಬಲವಾದ ಗಾಳಿಯು ಹಿಮವನ್ನು ಗುಡಿಸಿಹಾಕುವುದರಿಂದಲೂ, ಉಳಿದದ್ದು ಕರಗದೆ ನೇರವಾಗಿ ಆವಿಯಾಗುವುದರಿಂದಲೂ, ಹಳೆಯ ಮಂಜುಗಡ್ಡೆಯೇ ನೀಲಿಯಾಗಿ ಹೊರಗೆ ಕಾಣುತ್ತದೆ. ಇಡೀ ಖಂಡದಲ್ಲಿ ಇಂಥ ನೆಲ ಶೇಕಡಾ 1ರಷ್ಟು ಮಾತ್ರ. ನಮ್ಮ ‘ಮೈತ್ರಿ’ ನೆಲೆಗೆ ಹೋಗುವ ವಿಜ್ಞಾನಿಗಳು ಕೇಪ್‌ಟೌನಿನಿಂದ ಹಾರಿ ಬಂದಿಳಿಯುವ ನೊವೊ ವಿಮಾನನೆಲೆ ಇಂಥದ್ದೇ. ಅಲ್ಲಿ ನೆಲವನ್ನು ಗಟ್ಟಿಮಾಡುವ ಕೆಲಸವಿಲ್ಲ. ಉಬ್ಬುತಗ್ಗು ಸವರಿ, ಚಕ್ರ ಜಾರದಂತೆ ಮೇಲ್ಮೈಯನ್ನು ತುಸು ಒರಟು ಮಾಡಿದರೆ ಚಕ್ರದ ಭಾರೀ ವಿಮಾನವೂ ಇಳಿಯಬಲ್ಲದು. ಇದಕ್ಕೆ ‘ನೀಲಿ ಮಂಜುಗಡ್ಡೆಯ ರನ್‌ವೇ’ ಎಂದಿದ್ದೇನೆ, ಉದ್ದವಾದರೂ ಚಿಂತೆಯಿಲ್ಲ. ಹೆಪ್ಪುಗಟ್ಟಿದ ಕಡಲಿನ ಮೇಲೆ ಆಯಾ ವರ್ಷಕ್ಕೆಂದು ಮಾಡಿಕೊಳ್ಳುವ ರನ್‌ವೇಯನ್ನು ‘ಕಡಲಗಡ್ಡೆಯ ರನ್‌ವೇ’ ಎನ್ನಬಹುದೆಂದು ತೋರುತ್ತದೆ.

ನನ್ನ ಮುಖ್ಯ ಪ್ರಶ್ನೆ ಉಳಿದ ಬಗೆಯದು, ಎಂದರೆ ನಿಜವಾಗಿಯೂ ಹಿಮದಿಂದಲೇ ಕಟ್ಟುವ ರನ್‌ವೇಗೆ ಸಂಬಂಧಿಸಿದ್ದು. ಆಗತಾನೇ ಬಿದ್ದ ಹಿಮ ಘನಮೀಟರಿಗೆ 100 ಕಿಲೋಗ್ರಾಂ ಕೂಡ ತೂಗದಿರಬಹುದು; ಅಪ್ಪಟ ಮಂಜುಗಡ್ಡೆ 917 ಕಿಲೋಗ್ರಾಂ ತೂಗುತ್ತದೆ. ಕಟ್ಟುವವರು ಮೊದಲು ಯಂತ್ರದಿಂದ ಹಿಮವನ್ನು ಕಡೆದು ಹರಳುಗಳನ್ನು ಪುಡಿಮಾಡುತ್ತಾರೆ. ಸಣ್ಣ, ದೊಡ್ಡ ಕಣಗಳು ಬೆರೆತಷ್ಟೂ ಒತ್ತಾಗಿ ಕೂರುತ್ತವೆ. ಆಮೇಲೆ ಸಮತಟ್ಟು ಮಾಡಿ, ಭಾರದ ಉರುಳೆಗಳನ್ನು ಮತ್ತೆ ಮತ್ತೆ ಎಳೆಯುತ್ತಾರೆ. ಈ ಹಂತಕ್ಕೆ ‘ದಮ್ಮಸು’ ಎಂಬ ನಮ್ಮ ಪದವೇ ಇದೆ. ಮಳೆಗಾಲ ಕಳೆದ ಮೇಲೆ ಅಡಿಕೆ ಒಣಗಿಸಲು ಅಂಗಳವನ್ನು ಹದಮಾಡುವಾಗ ನಡೆಯುವ ಕೆಲಸ ಇದೇ. ಅಲ್ಲಿ ಮಣ್ಣಿಗೆ ನೀರು ಬೇಕು, ಇಲ್ಲಿ ನೀರು ಶತ್ರು ಎಂಬುದೊಂದು ವ್ಯತ್ಯಾಸ. ‘ಸಾಂದ್ರೀಕರಣ’ಕ್ಕಿಂತ ‘ದಮ್ಮಸು ಮಾಡಿದ ಹಿಮ’ ಎಂಬುದು ಮಕ್ಕಳಿಗೆ ಬೇಗ ತಲುಪುತ್ತದೆ ಎಂಬುದು ನನ್ನ ಎಣಿಕೆ.

ಆದರೆ ದಮ್ಮಸಿನಿಂದಲೇ ರನ್‌ವೇ ಆಗುವುದಿಲ್ಲ. ಉರುಳೆ ಸರಿದ ಬಳಿಕ ಹಿಮವನ್ನು ಕೆಲವು ದಿನ ಮುಟ್ಟದೆ ಬಿಡಬೇಕು. ಒಂದಕ್ಕೊಂದು ತಾಗಿದ ಕಣಗಳ ನಡುವೆ, ಏನೂ ಕರಗದೆಯೇ, ಆವಿಯ ರೂಪದಲ್ಲೂ ಕಣಗಳ ಮೇಲ್ಮೈಯ ಗುಂಟವೂ ನೀರಿನ ಅಣುಗಳು ಸರಿದು ಬಂದು ಸಣ್ಣ ಕೊರಳಿನಂಥ ಸೇತುವೆಗಳನ್ನು ಕಟ್ಟುತ್ತವೆ, ದಿನ ಕಳೆದಂತೆ ಆ ಕೊರಳು ದಪ್ಪವಾಗುತ್ತದೆ, ತೂಕ ಹೆಚ್ಚದಿದ್ದರೂ ಹಿಮದ ಬಲ ಹೆಚ್ಚುತ್ತದೆ. ಚಳಿ ವಿಪರೀತವಾದರೆ ಈ ಕ್ರಿಯೆ ನಿಧಾನವಾಗುವುದರಿಂದ, ಕರಗುವ ಹಂತಕ್ಕೆ ತೀರ ದೂರವಲ್ಲದ, ಆದರೆ ಕರಗದ ದಿನಗಳೇ ಈ ಕೆಲಸಕ್ಕೆ ಒಳ್ಳೆಯವು. ಕೊನೆಗೆ ವಿಮಾನದ ಚಕ್ರದ ಭಾರಕ್ಕೆ ಸರಿಹೊಂದುವಷ್ಟು ತೂಕ ಹೇರಿದ ಗಾಡಿಯನ್ನು ಎಳೆದು, ಕುಸಿಯುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಅಂಟಾರ್ಕ್ಟಿಕಾದಲ್ಲಿರುವ ಅಮೆರಿಕದ ಮೆಕ್‌ಮರ್ಡೋ ನೆಲೆಯ ಬಳಿ 2017ರಲ್ಲಿ ಬಳಕೆಗೆ ಬಂದ ಫೀನಿಕ್ಸ್ ರನ್‌ವೇಯನ್ನು ಹೀಗೆ ಕಟ್ಟಿದ್ದರಿಂದಲೇ ಸಿ-17ರಂಥ ಸರಕು ವಿಮಾನ ಚಕ್ರದ ಮೇಲೆ ಅಲ್ಲಿ ಇಳಿಯುತ್ತದೆ. ಅದಕ್ಕೂ ಮೊದಲಿದ್ದ ಪೆಗಾಸಸ್ ಮಂಜುಗಡ್ಡೆಯ ರನ್‌ವೇ. ಗಾಳಿ ಹೊತ್ತು ತಂದ ಕಪ್ಪು ಧೂಳು ಬಿಸಿಲನ್ನು ಹೀರಿ ಗಡ್ಡೆಯನ್ನು ಕರಗಿಸತೊಡಗಿದ್ದರಿಂದ 2016ರ ಕೊನೆಯಲ್ಲಿ ಅದನ್ನು ಮುಚ್ಚಬೇಕಾಯಿತು. ಈ ಎರಡನ್ನೂ ‘ಹಿಮದ ರನ್‌ವೇ’ ಎಂದುಬಿಟ್ಟರೆ ಒಂದನ್ನು ಬಿಟ್ಟು ಇನ್ನೊಂದನ್ನು ಏಕೆ ಕಟ್ಟಿದರೆಂಬುದೇ ತಿಳಿಯದು.

ಮುಟ್ಟದೆ ಬಿಟ್ಟಾಗ ಬಲ ಬರುವ ಈ ಕ್ರಿಯೆಗೆ ‘ಬಲಿಯುವುದು’ ಎನ್ನಬಹುದೇ ಎಂಬುದು ನನ್ನ ಪ್ರಶ್ನೆ. ‘ಗಟ್ಟಿಯಾಗು’ ಎಂದರೆ ಕಾಲದ ಸುಳಿವಿಲ್ಲ. ‘ಹೆಪ್ಪುಗಟ್ಟು’ ಎಂದರೆ ದ್ರವವೊಂದು ಮೊದಲಿತ್ತು ಎಂದಾಗುತ್ತದೆ. ‘ಬೆಸೆದುಕೊಳ್ಳು’ ಕಣಗಳ ಮಟ್ಟಿಗೆ ಸರಿ, ಆದರೆ ಇಡೀ ರಾಶಿಗೆ ಸಾಲದು. ಅಡಿಕೆ, ತೆಂಗಿನಕಾಯಿ, ಬಿದಿರು ಬಲಿತಿತು ಎನ್ನುವಾಗ ಕಾಲ ಸರಿದುದರಿಂದಲೇ ಒಳಗಿನಿಂದ ಬಂದ ಬಲವನ್ನು ಹೇಳುತ್ತೇವೆ. ನನಗಿರುವ ಅಳುಕು ಎರಡು. ಜೀವವಿಲ್ಲದ ವಸ್ತುವಿಗೆ ಈ ಕ್ರಿಯಾಪದ ಒಗ್ಗುತ್ತದೆಯೇ ಎಂಬುದು ಒಂದು. ಸಮಾಸ ಮಾಡಿ ‘ಬಲಿಹಿಮ’ ಎಂದರೆ ದೀಪಾವಳಿಯ ಬಲೀಂದ್ರನೋ, ಕೊಡುವ ಬಲಿಯೋ ನೆನಪಾಗುತ್ತದೆ ಎಂಬುದು ಇನ್ನೊಂದು. ಹಾಗಾಗಿ ‘ಬಲಿತ ಹಿಮ’ ಎಂದು ಬಿಡಿಸಿಯೇ ಬರೆಯುವುದು ಮೇಲು. ಒಂದು ಬೇಸಿಗೆಯನ್ನಾದರೂ ದಾಟಿ ಉಳಿದು, ಇನ್ನೂ ಮಂಜುಗಡ್ಡೆಯಾಗದ ನೈಸರ್ಗಿಕ ಹಿಮಕ್ಕೆ ಇದೇ ಹೆಸರನ್ನು ಕೊಡಬಾರದು. ಅದಕ್ಕೆ ‘ಹಳೆಹಿಮ’ ಸಾಕು.

‘ಕಚ್ಚಿಕೊಳ್ಳು’ ಎಂಬುದನ್ನೂ ಬೇರೆಯಾಗಿ ಕಾದಿರಿಸಿದ್ದೇನೆ. 1956ರ ಅಕ್ಟೋಬರ್ 31ರಂದು ದಕ್ಷಿಣ ಧ್ರುವದಲ್ಲಿ ಮೊದಲ ವಿಮಾನ ಇಳಿದಾಗ, ಮೈನಸ್ 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿಯಲ್ಲಿ ಅದರ ಸ್ಕೀಗಳನ್ನು, ಎಂದರೆ ಹಿಮದ ಮೇಲೆ ಜಾರಲು ಇರುವ ಉದ್ದನೆಯ ಹಲಗೆಗಳನ್ನು, ಹಿಮ ಕಚ್ಚಿಕೊಂಡಿತು. ಪಕ್ಕಕ್ಕೆ ಕಟ್ಟಿದ್ದ ರಾಕೆಟ್‌ಗಳನ್ನು ಉರಿಸಿಯೇ ಮೇಲೇಳಬೇಕಾಯಿತು. ಅಂಥ ಸ್ಕೀ ವಿಮಾನಗಳಿಗೆಂದು ಹಿಮವನ್ನು ಸಮಮಾಡಿದ ನೆಲೆ ರನ್‌ವೇ ಅಲ್ಲ. ಅದಕ್ಕೆ ‘ಸ್ಕೀದಾರಿ’ ಎಂದಿಟ್ಟಿದ್ದೇನೆ.

ಗಾರೆ, ಸುಣ್ಣ, ಬೆಲ್ಲ, ಮಡಕೆಮಣ್ಣು ಇವುಗಳ ಕೆಲಸದಲ್ಲಿ ‘ಬಲಿ’ ಕ್ರಿಯಾಪದವನ್ನು ಬಳಸುವ ರೂಢಿ ನಿಮ್ಮ ಕಡೆ ಇದ್ದರೆ, ಯಾವ ಊರಿನದು ಎಂಬುದರೊಡನೆ ವಾಕ್ಯವನ್ನೇ ಬರೆದು ತಿಳಿಸಬೇಕಾಗಿ ಕೋರುತ್ತೇನೆ. ‘ದಮ್ಮಸು’, ‘ದಮ್ಮಾಸು’ ಎರಡರಲ್ಲಿ ಪಠ್ಯಕ್ಕೆ ಯಾವ ರೂಪ ಲೇಸೆಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.